ದಾರ ಮುಟ್ಟದ ಬಸುರಿ

ಪುಣೆಯಲ್ಲಿ ಅಣೆಕಟ್ಟು ಒಡೆದ ಸುದ್ದಿ ಬಂದ ವಾರವೇ ಯಮುನವ್ವನಿಗೆ ಐದು ತಿಂಗಳು ತುಂಬಿತು. ಅಂದು ಬೆಳಿಗ್ಗೆ ಅತ್ತೆ ಚೆನ್ನವ್ವ ಕಿರಿಯ ಸೊಸೆಯ ಮುಂದಿದ್ದ ರಾಟಿಯನ್ನು ಎತ್ತಿಕೊಂಡು ಹೋಗಿ ಹಿರಿಯ ಸೊಸೆ ಸಾವಕ್ಕನ ರಾಟಿಯ ಪಕ್ಕದಲ್ಲಿ ಕುಕ್ಕಿದಳು.

“ಇನ್ನ ಮ್ಯಾಲ ಎರಡೂ ನಿನ್ನವು. ಯಮುನಾ ದಾರ ಮುಟ್ಟಂಗಿಲ್ಲ. ದಾಟಂಗೂ ಇಲ್ಲ.”

“ಎರಡ ರಾಟಿ ತಿರುವಾಕ ನನಗೇನ ನಾಕ ಕೈ ಅದಾವನ್ರಿ ಅತ್ತಿ?”

“ಇದ್ದ ಎರಡ ಕೈಲೇ ಏನ ಮಾಡಿದಿ ಅಂಬೂದು ಓಣಿಗೆಲ್ಲಾ ಗೊತ್ತೈತಿ. ಬಾಯಿ ಮುಚ್ಕೊಂಡ ಸುತ್ತು.”

ಇಚಲಕರಂಜಿಯ ಶಹಾಪುರದಲ್ಲಿ ಮಗ್ಗದ ಸದ್ದು ನಿಂತರೆ ಜನರಿಗೆ ಕಿವಿ ನೋಯುತ್ತದೆ, ಅಷ್ಟು ರೂಢಿ. ಚೆನ್ನವ್ವನ ಇಬ್ಬರು ಗಂಡುಮಕ್ಕಳೂ ಧನಪಾಲ ಶೇಠನ ಶೆಡ್ಡಿನಲ್ಲಿ ಮಗ್ಗ ನಡೆಸುವವರು. ಹಿರಿಯ ಕಾಡಪ್ಪನದು ರಾತ್ರಿ ಪಾಳಿ, ಕಿರಿಯ ಮಾಯಪ್ಪನದು ಹಗಲು ಪಾಳಿ. ಮನೆಯ ಹೆಂಗಸರು ಕಾಂಡಿ ತುಂಬಬೇಕು. ಕಾಂಡಿ ಎಂದರೆ ಲಾಳಿಯೊಳಗೆ ಕೂರುವ ಗೇಣುದ್ದದ ಕಡ್ಡಿ. ರಾಟಿ ತಿರುವಿ ಅದಕ್ಕೆ ನೂಲು ಸುತ್ತಿ, ಬುಟ್ಟಿ ತುಂಬಿಸಿ, ಶೆಡ್ಡಿಗೆ ಮುಟ್ಟಿಸಬೇಕು. ಬೆನ್ನು ಬೀಳುವ ಕೆಲಸ.

ಬಸುರಿ ದಾರ ಸುತ್ತಿದರೆ ಹೊಟ್ಟೆಯೊಳಗೆ ಹೊಕ್ಕಳಬಳ್ಳಿ ಕೂಸಿನ ಕೊರಳಿಗೆ ಸುತ್ತುತ್ತದೆ ಎಂಬುದು ಓಣಿಯ ಹೆಂಗಸರ ಮಾತು. ಈ ಮಾತು ಆರು ವರ್ಷದ ಹಿಂದೆ ಚೆನ್ನವ್ವನ ಕಿವಿಗೆ ಬಿದ್ದಿರಲಿಲ್ಲವೋ, ಬಿದ್ದರೂ ಬೇಕಿರಲಿಲ್ಲವೋ, ಆ ದೇವರೇ ಬಲ್ಲ. ಆಗ ಬಸುರಿಯಾಗಿದ್ದವಳು ಸಾವಕ್ಕ. ಮನೆಗೆ ದುಡಿಯುವವನು ಕಾಡಪ್ಪ ಒಬ್ಬನೇ. ನೋವು ಕಾಣಿಸಿಕೊಂಡ ದಿನ ಮಧ್ಯಾಹ್ನದವರೆಗೂ ಸಾವಕ್ಕ ರಾಟಿ ತಿರುವಿದಳು, ತಿರುವಿಸಿದವಳು ಇದೇ ಅತ್ತೆ. ಸಂಜೆ ಗಂಡು ಕೂಸು ಹುಟ್ಟಿತು, ಕೊರಳಿಗೆ ಬಳ್ಳಿ ಎರಡು ಸುತ್ತು. ಅದು ಅಳಲೇ ಇಲ್ಲ.

“ದಾರ ಸುತ್ತಿ ಸುತ್ತಿ ಕೂಸಿನ ಕೊಳ್ಳಿಗೆ ಹಾಕಿದ್ಯಲ್ಲ ತಂಗಿ,” ಎಂದಳು ಸೂಲಗಿತ್ತಿ ನಾಗೂಬಾಯಿ. ಅವಳು ಅಷ್ಟು ಹೇಳಿ ಕೈ ತೊಳೆದುಕೊಂಡು ಹೋದಳು. ಚೆನ್ನವ್ವನೂ ಅಂದೇ ಕೈ ತೊಳೆದುಕೊಂಡಳು. ತಪ್ಪೆಲ್ಲ ಸಾವಕ್ಕನ ತಲೆಗೆ ಬಂತು. ಆಮೇಲೆ ಅವಳಿಗೆ ಬಸಿರೇ ನಿಲ್ಲಲಿಲ್ಲ.

ಈಗ ನೋಡಿದರೆ ಮನೆಯಲ್ಲಿ ಶಾಸ್ತ್ರವೋ ಶಾಸ್ತ್ರ! ಯಮುನವ್ವ ನಡೆಯುವ ದಾರಿಯಲ್ಲಿ ನೂಲಿನ ಎಳೆ ಬಿದ್ದಿರಬಾರದು. ಒಣಹಾಕಿದ ನೂಲಿನ ಲಡಿಯ ಕೆಳಗೆ ಅವಳು ಹಾಯಬಾರದು. ಕೊರಳಲ್ಲಿ ತಾಳಿಯೊಂದು ಬಿಟ್ಟು ಬೇರೆ ದಾರವಿರಬಾರದು. ಎರಡು ರಾಟಿಯ ನಡುವೆ ಕುಳಿತು ಸಾವಕ್ಕ ಇದನ್ನೆಲ್ಲ ನೋಡುತ್ತಿದ್ದಳು. ನೋಡಿ ನೋಡಿ ಅವಳ ಹೊಟ್ಟೆಯಲ್ಲಿ ಕೆಂಡ ಬಿತ್ತು.

ಯಮುನವ್ವ ಕೆಟ್ಟವಳಾಗಿದ್ದರೆ ಸುಲಭವಾಗುತ್ತಿತ್ತು. ಆದರೆ ಅವಳು ಕೆಟ್ಟವಳಲ್ಲ. ಗಡಹಿಂಗ್ಲಜ ಕಡೆಯ ಕುರಿಗಾರರ ಮಗಳು, ದೊಡ್ಡ ದನಿಯಲ್ಲಿ ನಗುವವಳು. ತಾಯಿ ಇಲ್ಲ. ತಂದೆ ಧೋಂಡಿಬಾ ಕುರಿಹಿಂಡಿನ ಹಿಂದೆ ಊರೂರು ಅಲೆಯುವವನು. ಹಾಗಾಗಿ ಚೊಚ್ಚಲ ಬಾಣಂತನ ಗಂಡನ ಮನೆಯಲ್ಲೇ ಎಂದು ಚೆನ್ನವ್ವ ಮೊದಲೇ ಹೇಳಿಬಿಟ್ಟಿದ್ದಳು.

ಊಟಕ್ಕೆ ಕುಳಿತಾಗ ಬಿಸಿ ರೊಟ್ಟಿಯ ಮೇಲೆ ತುಪ್ಪ ಯಮುನವ್ವನ ತಾಟಿಗೆ ಮಾತ್ರ ಬೀಳುತ್ತಿತ್ತು.

“ಅಕ್ಕಾ, ನಿನಗೊಂದೀಟ ತುಪ್ಪ ಹಾಕ್ಲಿ?” ಎಂದು ಅವಳು ತಾಟು ಮುಂದೆ ಮಾಡುವಳು.

“ನನಗ್ಯಾಕವ್ವಾ? ನಾ ಏನ ಎರಡ ಜೀವದಾಕಿನ?”

“ನೋಡ, ನೋಡ, ಮಾತ ನೋಡ!” ಚೆನ್ನವ್ವ ಒಲೆಯ ಮುಂದಿನಿಂದಲೇ ಗದರುವಳು. “ತಿನ್ನಾಕಿಗಿ ತಿನ್ನಾಕ ಬಿಡೂದಿಲ್ಲ. ಯಮುನಾ, ಈ ಕಡೆ ತಿರಗಿ ಕುಂಡ್ರು.”

ಸಂಜೆ ದೀಪ ಹಚ್ಚುವ ಹೊತ್ತಿಗೆ ಚೆನ್ನವ್ವ ಯಮುನವ್ವನಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವಳು. “ಘಾಟ ಬರಲಿಲ್ಲ ನೋಡ. ಎಂಥಾ ದೃಷ್ಟಿ ಬಿದ್ದಿತ್ತು!” ಎನ್ನುವಳು. ಯಾರ ದೃಷ್ಟಿ ಎಂದು ಹೇಳುತ್ತಿರಲಿಲ್ಲ, ಸಾವಕ್ಕನ ಕಡೆ ನೋಡಿ ಹೇಳುತ್ತಿದ್ದಳು.

ಪಾಳಿಗೆ ಹೊರಟ ಗಂಡನಿಗೆ ಬುತ್ತಿ ಕಟ್ಟುತ್ತ ಸಾವಕ್ಕ ಒಮ್ಮೆ ಕೇಳಿದಳು. “ನಾ ಬಸುರಿದ್ದಾಗ ನಿಮ್ಮವ್ವನ ಈ ಶಾಸ್ತ್ರ ಎಲ್ಲಿ ಹೋಗಿತ್ರಿ?”

“ಆಗ ಗೊತ್ತಿರಲಿಲ್ಲ. ಈಗ ಗೊತ್ತಾಗೇತಿ,” ಎಂದ ಕಾಡಪ್ಪ.

“ನೀವೂ ನಾನ ಕೊಂದೆ ಅಂತೀರೇನ್ರಿ?”

“ನಾ ಎಲ್ಲಿ ಹಂಗಂದೆ? ಅವ್ವ ಅಂತಾಳ. ಬುತ್ತಿ ಕೊಡ ಲಗೂನ, ಭೋಂಗಾ ಆಗತೈತಿ.”

ಶೆಡ್ಡಿನ ಭೋಂಗಾ ಕೂಗಿದರೆ ಕಾಡಪ್ಪನಿಗೆ ಹೆಂಡತಿಯೂ ಇಲ್ಲ, ದೇವರೂ ಇಲ್ಲ. ಓಡಿಹೋದ.

ಗಣಪತಿ ಹಬ್ಬದ ಮುಂಚೆ ಏಳನೆಯ ತಿಂಗಳ ಸೀಮಂತದ ಕುಬಸ ಮಾಡಿದರು. ಧೋಂಡಿಬಾ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹಸಿರು ಸೀರೆಯ ಗಂಟು ಹಿಡಿದು ಬಸ್ಸಿನಲ್ಲಿ ಬಂದ. ಸಾವಕ್ಕ ಕೋಳಿ ಕೂಗುವಾಗ ಎದ್ದು ಹೂರಣ ರುಬ್ಬಿ, ನಲವತ್ತು ಹೋಳಿಗೆ ಮಾಡಿದ್ದಳು. ಯಮುನವ್ವನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬುವಾಗ ಬಳೆಯ ತಟ್ಟೆ ಹಿಡಿದು ಸಾವಕ್ಕ ಮುಂದೆ ಬಂದಳು.

“ನೀ ಬ್ಯಾಡ,” ಎಂದಳು ಚೆನ್ನವ್ವ.

ಹತ್ತು ಜನ ಹೆಂಗಸರ ಮುಂದೆ! ಪಕ್ಕದ ಮನೆಯ ಅಕ್ಕವ್ವ ಮೆಲ್ಲಗೆ ತಟ್ಟೆ ಇಸಿದುಕೊಂಡಳು. “ಇರ್ಲಿ ಬಿಡ್ರಿ ಅತ್ತಿ, ಅಕ್ಕನೂ ಬಳಿ ಇಡಸ್ಲಿ,” ಎಂದು ಯಮುನವ್ವ ಮಣೆಯ ಮೇಲಿಂದ ಅಂದಳು. ಅತ್ತೆಯ ‘ಬ್ಯಾಡ’ವನ್ನು ಸಾವಕ್ಕ ತಡೆದುಕೊಂಡಳು, ಆದರೆ ಇವಳ ಕನಿಕರ ತಡೆದುಕೊಳ್ಳಲಾಗಲಿಲ್ಲ. ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದು ಎಲ್ಲರಿಗೂ ಹೋಳಿಗೆ ಬಡಿಸಿದಳು.

ಎಂಟನೆಯ ತಿಂಗಳಿಗೆ ಯಮುನವ್ವನ ಹೊಟ್ಟೆ ಊರಗಲವಾಯಿತು. ನಾಗೂಬಾಯಿ ಬಂದು ಮುಟ್ಟಿ ನೋಡಿ, “ಅವಳಿ ಇರಬೇಕ,” ಎಂದಳು. ಮಾಯಪ್ಪನಿಗೆ ಸಮಾಧಾನವಾಗಲಿಲ್ಲ.

“ಅವ್ವಾ, ಆಕಿಗಿ ಮಲಗಿದ್ರ ಉಸರ ಆಡವಲ್ದು. ದವಾಖಾನಿಗೆ ತೋರಸೂಣು.”

“ನಾಳೆ ನಾ ಕೊಲ್ಲಾಪುರಕ್ಕ ಹೋಗಬೇಕು. ನವರಾತ್ರಿ, ಅಂಬಾಬಾಯಿಗಿ ಉಡಿ ತುಂಬತೇನಂತ ಬೇಡ್ಕೊಂಡೇನಿ. ಸಾವಕ್ಕ ಕರ್ಕೊಂಡ ಹೋಗ್ಲಿ. ಇಲ್ಲೇ ಹುಟ್ಟಿ ಬೆಳದಾಕಿ, ಮರಾಠಿ ಬರತೈತಿ.”

ಹೀಗೆ ಮನೆಯ ದೊಡ್ಡ ಕೆಲಸವೊಂದು ಸಾವಕ್ಕನ ಕೈಗೆ ಬಂತು.

ಹೆರಿಗೆ ದವಾಖಾನೆಯ ಡಾಕ್ಟರಬಾಯಿ ಸಣ್ಣ ವಯಸ್ಸಿನವಳು, ಚಾಳೀಸು ಹಾಕಿದವಳು, ಮಾತು ಬಾಣದಂತೆ. ಯಮುನವ್ವನ ಹೊಟ್ಟೆಯನ್ನು ಎರಡೂ ಕೈಯಿಂದ ಅದುಮಿ ನೋಡಿ, ಮೂರು ಮಾತು ಹೇಳಿದಳು.

“ಪಾಣೀ ಜಾಸ್ತ ಆಹೇ. ಬಾಳ ಆಡವಂ ಆಹೇ. ಪಾಣೀ ಫುಟಲಂ ಕೀ ನಾಳ ಪುಢೇ ಯೇಈಲ.”

ನೀರು ಹೆಚ್ಚಾಗಿದೆ, ಕೂಸು ಅಡ್ಡ ಮಲಗಿದೆ, ನೀರು ಒಡೆದ ಕೂಡಲೇ ಹೊಕ್ಕಳಬಳ್ಳಿ ಮುಂದೆ ಜಾರುತ್ತದೆ ಎಂದು ಅದರ ಅರ್ಥ. ಸಾವಕ್ಕನಿಗೆ ಒಂದಕ್ಷರವೂ ತಪ್ಪದೆ ತಿಳಿಯಿತು. ಡಾಕ್ಟರಬಾಯಿ ಇನ್ನೂ ಹೇಳಿದಳು. ಒಂಬತ್ತು ಹಿಡಿದ ಕೂಡಲೇ ಇವಳು ಇಲ್ಲೇ ಬಂದು ಇರಬೇಕು. ಅದಕ್ಕೂ ಮೊದಲು ಮನೆಯಲ್ಲಿ ನೀರು ಒಡೆದರೆ ನಿಲ್ಲಿಸಬೇಡಿ, ನಡೆಸಬೇಡಿ. ಮೊಣಕಾಲೂರಿ ತಲೆ ನೆಲಕ್ಕೆ ಹಚ್ಚಿ ಸೊಂಟ ಮೇಲೆ ಮಾಡಿ, ಹಾಗೇ ಎತ್ತಿಕೊಂಡು ಬನ್ನಿ. ಬಳ್ಳಿ ಸಿಕ್ಕಿಬಿದ್ದು ಅದುಮಿದರೆ ಕೂಸು ಅರ್ಧ ಗಳಿಗೆಯೂ ಉಳಿಯುವುದಿಲ್ಲ.

ಯಮುನವ್ವ ಬಟ್ಟೆ ಸರಿಮಾಡಿಕೊಳ್ಳಲು ಪರದೆಯ ಆಚೆ ಹೋದಾಗ ಸಾವಕ್ಕ ಮರಾಠಿಯಲ್ಲಿ ಕೇಳಿದಳು. ಬಸುರಿ ಕಾಂಡಿ ತುಂಬಿದರೆ ಬಳ್ಳಿ ಕೂಸಿನ ಕೊರಳಿಗೆ ಸುತ್ತುತ್ತದೆಯಂತಲ್ಲ, ನಿಜವೇನು?

ಡಾಕ್ಟರಬಾಯಿ ತಲೆ ಎತ್ತಿ ನೋಡಿದಳು. “ಯಾರು ಹೇಳಿದರು ನಿನಗೆ? ದಾರಕ್ಕೂ ಬಳ್ಳಿಗೂ ಏನು ಸಂಬಂಧ? ಬಳ್ಳಿ ಉದ್ದವಿದ್ದರೆ, ಕೂಸು ಒಳಗೆ ತಿರುಗಾಡಿದರೆ ಸುತ್ತುತ್ತದೆ. ನಾಲ್ಕೈದು ಕೂಸಿನಲ್ಲಿ ಒಂದಕ್ಕೆ ಸುತ್ತಿರುತ್ತದೆ, ಬಹಳಷ್ಟು ಉಳಿಯುತ್ತವೆ, ಒಂದೊಂದು ಹೋಗುತ್ತದೆ. ತಾಯಿ ಏನು ಮಾಡಿಯಾಳು? ನಿನ್ನದು ಹೋಯಿತೇನು?”

ಸಾವಕ್ಕ ಹೌದೆಂದು ತಲೆಯಾಡಿಸಿದಳು.

“ನಿನ್ನ ತಪ್ಪಲ್ಲ, ಬಾಯಿ,” ಎಂದು ಡಾಕ್ಟರಬಾಯಿ ಮುಂದಿನವರನ್ನು ಕರೆದಳು.

ಆರು ವರ್ಷದ ಕಲ್ಲನ್ನು ಆ ಹುಡುಗಿ ಒಂದು ಮಾತಿನಲ್ಲಿ ಇಳಿಸಿಬಿಟ್ಟಳು. ಸಾವಕ್ಕನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಎಲ್ಲರಿಗೂ ಕೂಗಿ ಹೇಳಬೇಕು ಅನ್ನಿಸಿತು. ಆದರೆ ಇವಳ ಮಾತನ್ನು ಮನೆಯಲ್ಲಿ ನಂಬುವವರು ಯಾರು?

ಟಾಂಗಾದಲ್ಲಿ ಕುಳಿತ ಕೂಡಲೇ ಯಮುನವ್ವ ಶುರು ಮಾಡಿದಳು. “ಅಕ್ಕಾ, ನನಗೂ ಮರಾಠಿ ತಿಳಿಯಾಕತ್ತೈತಿ! ಕೂಸು ಭಾಳ ಆಡಾಕತ್ತೈತಿ ಅಂದ್ಲಲ್ಲ? ಬಾಳ ಆಡವಂ ಅಂದ್ಲು. ಖರೆ ಐತಿ, ಒದ್ದ ಒದ್ದ ಸಾಕ ಮಾಡೇತಿ. ಮತ್ತ ನೀರ ಒಡದ ಮ್ಯಾಲ ನಾಳೆ ಬರತೈತಿ ಅಂದ್ಲು, ಅಲ್ಲ? ನಾಳ ಪುಢೇ ಯೇಈಲ ಅಂದ್ಲು.”

ಸಾವಕ್ಕನಿಗೆ ಮೊದಲು ನಗು ಬಂತು. ಮರಾಠಿಯ ‘ಬಾಳ’, ಅಂದರೆ ಕೂಸು, ಇವಳಿಗೆ ‘ಭಾಳ’ ಆಗಿತ್ತು. ಅಡ್ಡ ಬಿದ್ದ ಕೂಸು ಆಡುವ ಕೂಸಾಗಿತ್ತು. ನಾಳ ಎಂಬ ಹೊಕ್ಕಳಬಳ್ಳಿ ‘ನಾಳೆ’ ಆಗಿತ್ತು. ಕುರಿಗಾರರ ಮಗಳು, ಅಡ್ಡ ಬಿದ್ದ ಮರಿ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಡ್ಡ ಎಂಬ ಒಂದು ಶಬ್ದ ತಿಳಿದಿದ್ದರೆ ಸಾಕಿತ್ತು. ಸಾವಕ್ಕ ಬಾಯಿ ತೆರೆದಳು. ಆಮೇಲೆ, ಮನೆಗೆ ಹೋಗಿ ಅತ್ತೆಯ ಮುಂದೆ ಎಲ್ಲ ಒಟ್ಟಿಗೇ ಹೇಳಿದರಾಯಿತು ಎಂದುಕೊಂಡಳು. ದಾರದ ಮಾತೂ ಆಗಲೇ ಹೇಳಬೇಕು.

ಸಂಜೆ ಚೆನ್ನವ್ವ ಅಂಬಾಬಾಯಿಯ ಕುಂಕುಮ, ಪ್ರಸಾದ ಹಿಡಿದು ಬಂದಳು. ಯಮುನವ್ವನ ಹಣೆಗೆ ಕುಂಕುಮ ಹಚ್ಚಿ ಕೇಳಿದಳು. “ಏನಂದ್ಲ ಡಾಕ್ಟರಬಾಯಿ?”

ಸಾವಕ್ಕ ಯಮುನವ್ವನಿಗೆ ಅನ್ನದ ತಾಟು ಕೊಡಲು ಬಂದಿದ್ದಳು. “ಅತ್ತಿ, ಆಕಿ ಹೇಳಿದ್ದ…” ಎಂದು ಶುರು ಮಾಡಿದಳು.

“ಏಯ್, ತಾಟ ಮುಟ್ಟಬ್ಯಾಡ! ರಾಟಿ ಮುಂದಿಂದ ಎದ್ದ ಬಂದಿ, ಕೈಗೆಲ್ಲಾ ನೂಲಿನ ಧೂಳ ಐತಿ. ಕೈ ತೊಳಕೊಂಡ ಬಾ. ನಿನ್ನ ಕೂಸಿಗೆ ಆದದ್ದ ಇದಕ್ಕೂ ಆಗಬೇಕನ?”

ಸಾವಕ್ಕ ತಾಟು ಕೆಳಗಿಟ್ಟಳು. ಬಾಯಿಯೂ ಮುಚ್ಚಿತು. ಯಮುನವ್ವ ಹಿಗ್ಗಿನಿಂದ ತಾನೇ ಹೇಳಿದಳು. “ಕೂಸು ಭಾಳ ಆಡಾಕತ್ತೈತಂತ್ರಿ ಅತ್ತಿ. ನೀರ ಒಡದ ಮ್ಯಾಲ ಮರದಿನ ಬರತೈತಂತ, ಗಡಬಡಿ ಇಲ್ಲಂತ.”

“ಹೌದನ?” ಎಂದು ಚೆನ್ನವ್ವ ಸಾವಕ್ಕನ ಕಡೆ ತಿರುಗಿದಳು.

“ಹೇಳಿದ್ದ ಆಕಿಗಿ, ಕೇಳ್ಯಾಳ ಆಕಿ,” ಎಂದು ಸಾವಕ್ಕ ಕೈ ತೊಳೆಯಲು ಹೋದಳು. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಇಂಥ ಜಾಣತನಕ್ಕೆ ಬೆಂಕಿ ಹಾಕಬೇಕು.

ಮೊದಲನೆಯ ದಿನ ಸಿಟ್ಟಿನಿಂದ ಹೇಳಲಿಲ್ಲ. ಎರಡನೆಯ ದಿನ, ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂದು ಹೇಳಲಿಲ್ಲ. ಮೂರನೆಯ ದಿನ ಎರಡು ರಾಟಿಯ ನಡುವೆ ಕುಳಿತಾಗ ಆ ಹಾಳು ಯೋಚನೆ ಬಂತು. ಹೇಳಿದರೆ ಕೂಸು ಉಳಿಯುತ್ತದೆ. ಉಳಿದರೆ ಅತ್ತೆ, ‘ದಾರ ಮುಟ್ಟಿಸಲಿಲ್ಲ, ಅದಕ್ಕ ಉಳೀತು, ಸಾವಕ್ಕ ಮುಟ್ಟಿದ್ಲು, ಅದಕ್ಕ ಸತ್ತಿತು’ ಎನ್ನುತ್ತಾಳೆ. ಸಾಯುವವರೆಗೂ ಅನ್ನುತ್ತಾಳೆ. ಹೇಳದಿದ್ದರೆ? ದಾರ ಮುಟ್ಟದ ಬಸುರಿಗೂ ಹಾಗೇ ಆದರೆ? ಆಗ ಓಣಿಯ ಯಾವ ಬಾಯಿ ಸಾವಕ್ಕನ ಮೇಲೆ ಏಳುತ್ತದೆ?

ಥೂ ಎಂದು ತನಗೆ ತಾನೇ ಉಗಿದುಕೊಂಡಳು. ಆದರೆ ಯೋಚನೆ ಹೋಗಲಿಲ್ಲ.

ಒಂದು ಬೆಳಿಗ್ಗೆ ಮಾಯಪ್ಪ ಚಹಾ ಕುಡಿಯುತ್ತ ಕೇಳಿದ. “ವೈನಿ, ಡಾಕ್ಟರಬಾಯಿ ಮತ್ತೇನರ ಹೇಳಿದ್ಲೇನ್ರಿ? ನನಗ್ಯಾಕೋ ಜೀವ ಹೊಯ್ದಾಡತೈತಿ.”

ಅವನ ಮುಖ ನೋಡಿ ಸಾವಕ್ಕನ ಬಾಯಿಗೆ ಮಾತು ಬಂದೇಬಿಟ್ಟಿತ್ತು. ಅಷ್ಟರಲ್ಲಿ ರಾತ್ರಿ ಪಾಳಿ ಮುಗಿಸಿದ ಕಾಡಪ್ಪ ಒಳಗೆ ಬಂದ. ಅವನ ಧೋತರದ ಚುಂಗಿನಲ್ಲಿ ನಾಲ್ಕು ಪೇರಲ ಹಣ್ಣು.

“ಅವ್ವಾ, ಯಮುನಾಗ ಪೇರಲ ತಿನ್ಬೇಕ ಅನಿಸೇತಿ ಅಂದಿದ್ಯಲ್ಲ. ಪ್ಯಾಟಿಗೆ ಹೋಗಿ ತಂದೆ.”

ಪಾಳಿ ಮುಗಿಸಿ, ಪೇಟೆ ತಿರುಗಿ! ಸಾವಕ್ಕ ಗಂಡನ ಕಡೆ ತಿರುಗಿದಳು. “ನಾನೂ ಆವಾಗ ಪೇರಲ ಬೇಕಂತ ಕೇಳಿದ್ನಿ. ನೆನಪೈತೇನ್ರಿ?”

ಕಾಡಪ್ಪ ತಲೆ ಕೆರೆದುಕೊಂಡ. “ಆಗ ಸುಗ್ಗಿ ಇರಲಿಲ್ಲ ಅನಿಸತೈತಿ.”

“ಇದ್ದವು. ಗುಡ್ಡಿ ಬಿದ್ದಿದ್ದವು.”

ಮಾಯಪ್ಪ ಇನ್ನೂ ಅವಳನ್ನೇ ನೋಡುತ್ತಿದ್ದ. “ಚೊಲೋ ಉಣ್ಣಾಕ ಹಾಕ್ರಿ ಅಂದ್ಲು,” ಎಂದಳು ಅವನಿಗೆ. “ಹಾಕಾಕತ್ತೇವಲ್ಲ.” ಅಂದು ಮೊದಲ ಸುಳ್ಳು ಹೇಳಿದಳು.

ಒಂಬತ್ತು ಹಿಡಿಯಿತು. ದವಾಖಾನೆಯ ಮಾತನ್ನು ಯಾರೂ ಎತ್ತಲಿಲ್ಲ, ಎತ್ತಬೇಕಾದವಳು ಕಾಂಡಿ ತುಂಬುತ್ತಿದ್ದಳು.

ದೀಪಾವಳಿಗೆ ನಾಲ್ಕೈದು ದಿನ ಇರುವಾಗ, ಹೊತ್ತು ನೆತ್ತಿಗೆ ಬರುವ ಸಮಯ, ಚೆನ್ನವ್ವ ಚಕ್ಕಲಿ ಕರಿಯುತ್ತಿದ್ದಳು. ಯಮುನವ್ವ ಹೊಸ್ತಿಲ ಪಕ್ಕ ಕುಳಿತು ಕರಜಿಕಾಯಿಗೆ ಕೊಬ್ಬರಿ ತುರಿಯುತ್ತಿದ್ದವಳು, “ಅಯ್ಯ, ಅತ್ತಿ!” ಎಂದು ಎದ್ದುನಿಂತಳು. ಕಾಲಿನ ಕೆಳಗೆಲ್ಲ ನೀರು.

“ಒಡೀತನ? ಗಾಬರಿ ಆಗಬ್ಯಾಡ,” ಎಂದು ಚೆನ್ನವ್ವ ಬಾಣಲೆ ಇಳಿಸಿದಳು. ಕರೆದ ಕೂಡಲೇ ನಾಗೂಬಾಯಿ ಬಂದಳು.

“ನೋವ ಇನ್ನೂ ಹತ್ತಿಲ್ಲ. ಅಂಗಳದಾಗ ಅಡ್ಡಾಡಸ್ರಿ, ತಲಿ ಕೆಳಗ ಇಳೀತೈತಿ,” ಎಂದಳು.

“ನಾಳೆ ಬರತೈತಂತ ಡಾಕ್ಟರಬಾಯಿ ಹೇಳ್ಯಾಳ,” ಎಂದು ಯಮುನವ್ವ ನಗಲು ನೋಡಿದಳು. “ನೀವ ಚಕ್ಕಲಿ ಮುಗಸ್ರಿ ಅತ್ತಿ.” ಅವಳು ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲಿ ನಡೆಯತೊಡಗಿದಳು.

ಸಾವಕ್ಕ ರಾಟಿಯ ಮುಂದಿದ್ದಳು. ಎಲ್ಲ ಕೇಳಿತು. ಕೈ ನಿಲ್ಲಲಿಲ್ಲ. ಅರ್ಧವಾಗಿದ್ದ ಕಾಂಡಿಯನ್ನು ಪೂರ್ತಿ ತುಂಬಿದಳು. ಇದನ್ನು ಮುಚ್ಚಿಟ್ಟು ಕಥೆ ಹೇಳುವುದರಲ್ಲಿ ಅರ್ಥವಿಲ್ಲ, ಅವಳು ಒಂದು ಕಾಂಡಿ ಪೂರ್ತಿ ತುಂಬಿದಳು. ಅಂಗಳದಲ್ಲಿ ಯಮುನವ್ವ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ತಿರುಗಿದಳು. ತಿರುಗುವಾಗ, “ಅಕ್ಕಾ, ಅಂಥಾ ನೋವೇನಿಲ್ಲ ನೋಡ,” ಎಂದಳು.

ಸಾವಕ್ಕ ಎದ್ದ ರಭಸಕ್ಕೆ ರಾಟಿ ಉರುಳಿತು.

“ನಡೀಬ್ಯಾಡ! ನಿಲ್ಲಬ್ಯಾಡ! ಮಣಕಾಲ ಊರು, ತಲಿ ನೆಲಕ್ಕ ಹಚ್ಚು, ಕುಂಡಿ ಮ್ಯಾಲ ಮಾಡು! ಬೀಳ ಅಂತೇನಿ!”

“ಏನ ಹುಚ್ಚ ಹಿಡದೈತನ ಈಕಿಗಿ?” ಚೆನ್ನವ್ವ ಕೂಗಿದಳು. “ದಾರದ ಕೈಲೆ ಮುಟ್ಟಬ್ಯಾಡ ಆಕಿನ್ನ!”

ಸಾವಕ್ಕ ಅತ್ತೆಯನ್ನು ತಳ್ಳಿದಳು. ಹದಿನಾಲ್ಕು ವರ್ಷದ ಸೊಸೆತನದಲ್ಲಿ ಮೊದಲ ಸಲ. ಯಮುನವ್ವನನ್ನು ಮೊಣಕಾಲಿಗೆ ಬೀಳಿಸಿ, ಸೀರೆ ಸರಿಸಿ ನೋಡಿದಳು. ಬಳ್ಳಿಯ ಒಂದು ಮಡಿಕೆ ಹೊರಗೆ ಬಂದಿತ್ತು. ಬಿಳಿ, ನೀಲಿ, ಒದ್ದೆ. ಬೆರಳು ತಾಗಿಸಿದಳು, ಮಿಡಿಯುತ್ತಿತ್ತು.

“ಐತಿ! ಜೀವ ಐತಿ!” ಎಂದು ಚೀರಿದಳು. “ರೀ, ಏಳ್ರಿ! ಗುಂಡು, ಗಾಡಿ ಖಾಲಿ ಮಾಡೋ!”

ನಿದ್ದೆಗಣ್ಣಿನ ಕಾಡಪ್ಪ ಓಡಿಬಂದ. ಬಾಗಿಲ ಮುಂದೆ ಹೋಗುತ್ತಿದ್ದ ಹಮಾಲ ಗುಂಡು ತನ್ನ ಕೈಗಾಡಿಯಿಂದ ಬಟ್ಟೆಯ ಸುರುಳಿಗಳನ್ನು ರಸ್ತೆಗೆ ಚೆಲ್ಲಿದ. ಯಮುನವ್ವನನ್ನು ಮೊಣಕಾಲ ಮೇಲೆಯೇ ಗಾಡಿಗೆ ಹಾಕಿದರು. ಸಾವಕ್ಕ ಹಿಂದೆ ಹತ್ತಿ, ಅವಳ ಸೊಂಟವನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು. ಗಂಡಸರಿಬ್ಬರೂ ಗಾಡಿ ತಳ್ಳಿಕೊಂಡು ಓಡಿದರು. ಚೆನ್ನವ್ವ ಹಿಂದೆ ಓಡುತ್ತ, “ಸೀರಿ ಹೊಚ್ಚ, ಮಂದಿ ನೋಡಾಕತ್ತಾರ, ಮಾನ ಹೋಗತೈತಿ!” ಎಂದಳು.

“ಮಾನ ಆಮ್ಯಾಲ ನೋಡ್ಕೊಳ್ಳೂಣ್ರಿ, ಮೊದಲ ಜೀವ!”

“ಅಕ್ಕಾ, ನಾಳೆ ಅಂದಿದ್ಲಲ್ಲ?” ಗಾಡಿಯ ಹಲಗೆಗೆ ಕೆನ್ನೆ ಹಚ್ಚಿದ್ದ ಯಮುನವ್ವ ಅಳುತ್ತಿದ್ದಳು.

“ಮಾತಾಡಬ್ಯಾಡ. ಉಸರ ತಗೋ.”

ಡಾಕ್ಟರಬಾಯಿ ಒಮ್ಮೆ ನೋಡಿದಳು, ಸಾವಕ್ಕನನ್ನೂ ಒಮ್ಮೆ ನೋಡಿದಳು. “ಇಷ್ಟು ದಿನ ಎಲ್ಲಿದ್ದಿರಿ? ನಾನು ಹೇಳಿದ್ದೇನು?” ಎಂದು ಮರಾಠಿಯಲ್ಲಿ ಸಿಡಿದು, ಉತ್ತರಕ್ಕೆ ಕಾಯದೆ ಯಮುನವ್ವನನ್ನು ಆಪರೇಶನ್ನಿಗೆ ಒಳಗೆ ಸಾಗಿಸಿದಳು. ಚೆನ್ನವ್ವನಿಗೆ ಸಂತೆಯ ಮರಾಠಿ ಬರುತ್ತದೆ, ಇಷ್ಟು ವೇಗದ್ದು ಬರುವುದಿಲ್ಲ. ಕಾಡಪ್ಪ ಹೊರಗೆ ಗಾಡಿಯ ಬಳಿ ಇದ್ದ. ಮಾಯಪ್ಪ ಶೆಡ್ಡಿನಿಂದ ಬಂದು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಸಾವಕ್ಕ ಗೋಡೆಗೆ ಒರಗಿ ಕುಳಿತಳು. ಉಳಿಯಲಿ, ತಾಯಿ, ಉಳಿಯಲಿ, ನನ್ನ ಮೇಲೆ ಏನು ಬೇಕಾದರೂ ಬರಲಿ ಎಂದು ಬೇಡಿಕೊಂಡಳು.

ಹೆಣ್ಣು ಕೂಸು. ನೀಲಿಯಾಗಿ ಬಂದಿತ್ತು. ಬೆನ್ನು ತಟ್ಟಿ, ಬಾಯಿ ಒರೆಸಿ, ಊದಿ, ತುಂಬ ಹೊತ್ತಿನ ಮೇಲೆ ಬೆಕ್ಕಿನ ಮರಿಯಂತೆ ಅತ್ತಿತು. ಸೊಂಟ ಎತ್ತಿ ಹಿಡಿದು ತಂದದ್ದಕ್ಕೆ ಉಳಿಯಿತು ಎಂದಳು ಡಾಕ್ಟರಬಾಯಿ.

ದೀಪಾವಳಿ ಪಾಡ್ಯದ ದಿನ ಓಣಿಯ ಹೆಂಗಸರು ಹಬ್ಬದ ತಿಂಡಿ ಫರಾಳದ ಡಬ್ಬಿ ಹಿಡಿದು ದವಾಖಾನೆಗೆ ಬಂದರು. ಅಕ್ಕವ್ವ ಬಂದಳು, ನಾಗೂಬಾಯಿಯೂ ಬಂದಳು. ಕೂಸು ಸಾವಕ್ಕನ ತೊಡೆಯ ಮೇಲಿತ್ತು. ಯಮುನವ್ವ ಎದ್ದು ಕೂರಲಾರಳು, ಮಲಗಿದಲ್ಲಿಂದಲೇ ಎಲ್ಲರಿಗೂ ಹೇಳುತ್ತಿದ್ದಳು. “ಅಕ್ಕ ಇಲ್ಲಂದ್ರ ನಾವಿಬ್ರೂ ಇರತಿದ್ದಿಲ್ರಿ. ಇದರ ತಾಯಿ ನಾ ಅಲ್ಲ, ಆಕಿ.”

“ಖರೆ ಐತಿ,” ಎಂದಳು ಚೆನ್ನವ್ವ, ಚಕ್ಕಲಿ ಮುರಿಯುತ್ತ. ಅವಳ ಬಾಯಿಂದ ಸಾವಕ್ಕನಿಗೆ ಇಂಥ ಮಾತು ಎಂದೂ ಬಂದಿರಲಿಲ್ಲ. “ಸಾವಕ್ಕ ಇದ್ಲು, ಅದಕ್ಕ ಆತು. ನನ್ನ ತಳ್ಳಿದ್ಲು, ತಳ್ಳಲಿ ಬಿಡ್ರಿ. ಆದ್ರ ಒಂದ ಮಾತ ಹೇಳತೇನಿ. ನಾ ದಾರ ಮುಟ್ಟಸಲಿಲ್ಲ, ಅದಕ್ಕ ಕೂಸು ಜೀವಾ ಹಿಡೀತು. ಮುಟ್ಟಿಸಿದ್ರ ಬಳ್ಳಿ ಕೊಳ್ಳಿಗೆ ಬೀಳತಿತ್ತು, ಸಾವಕ್ಕನ ಕೂಸಿಗಿ ಬಿದ್ದಂಗ.”

“ಹೌದವ್ವಾ, ಹೌದು,” ಎಂದಳು ನಾಗೂಬಾಯಿ.

ಸಾವಕ್ಕ ಸುಮ್ಮನಿರಬಹುದಿತ್ತು. ಹೊಗಳಿಕೆ ಸಿಕ್ಕಿತ್ತು, ತೊಡೆಯ ಮೇಲೆ ಕೂಸಿತ್ತು. ಸುಮ್ಮನಿರಲು ಅವಳಿಗೆ ಆಗಲಿಲ್ಲ.

“ದಾರಕ್ಕೂ ಬಳ್ಳಿಗೂ ಸಂಬಂಧ ಇಲ್ರಿ ಅತ್ತಿ.”

“ಯಾರ ಹೇಳಿದ್ರ ನಿನಗ?”

“ಡಾಕ್ಟರಬಾಯಿ.”

“ಯಾವಾಗ?”

ನಿನ್ನೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಸಾವಕ್ಕ ಕೂಸಿನ ಮುಖ ನೋಡಿದಳು. “ನೀವು ಕೊಲ್ಲಾಪುರಕ್ಕ ಹೋಗಿದ್ರಲ್ಲ, ಅವತ್ತ. ಕೂಸು ಅಡ್ಡ ಬಿದ್ದೈತಿ, ಒಂಬತ್ತ ಹಿಡದ ಕೂಡ್ಲೇ ದವಾಖಾನ್ಯಾಗ ತಂದ ಇಡ್ರಿ ಅಂತಾನೂ ಅವತ್ತ ಹೇಳಿದ್ಲು. ಮರಾಠ್ಯಾಗ ನಾಳ ಅಂದ್ರ ನಾಳೆ ಅಲ್ರಿ. ಹೊಕ್ಕಳಬಳ್ಳಿ.”

ಯಮುನವ್ವನ ನಗು ಮುಖದ ಮೇಲೇ ನಿಂತಿತು. “ಅಡ್ಡ? ಅವತ್ತ ನಿನಗ ತಿಳದಿತ್ತನ?”

“ತಿಳದಿತ್ತು.”

“ಟಾಂಗಾದಾಗ ನಾ ಮಾತಾಡಾಕತ್ತಾಗನೂ?”

“ಆಗನೂ. ನೀ ನೀರ ಒಡದ ಅಂಗಳದಾಗ ಅಡ್ಡಾಡಾಕತ್ತಾಗನೂ.”

“ಯಾಕ ಹೇಳಲಿಲ್ಲ ಅಕ್ಕಾ?”

“ಹೊಟ್ಟಿಕಿಚ್ಚು, ಯಮುನಾ. ದಾರ ಮುಟ್ಟದ ನಿನಗೂ ಹಂಗ ಆದ್ರ, ನನ್ನ ಮ್ಯಾಗಿನ ಮಾತ ಹೋಗತೈತಿ ಅಂತ ಸುಮ್ಕಿದ್ದೆ.”

ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ಕಾಡಪ್ಪ ನಿಂತಿದ್ದ. ಯಮುನವ್ವ ಹೊಲಿಗೆಯ ನೋವಿಗೆ ಹಲ್ಲು ಕಚ್ಚಿ, ಒಂದು ಕೈ ಚಾಚಿದಳು.

“ಕೂಸ ತಾ ಇಲ್ಲೆ.”

ಸಾವಕ್ಕ ಎದ್ದು ಕೊಟ್ಟಳು. ಯಮುನವ್ವ ಅದನ್ನು ಗೋಡೆಯ ಕಡೆ ಮಲಗಿಸಿಕೊಂಡು ತಾನೂ ಆ ಕಡೆ ಮುಖ ಮಾಡಿದಳು.

ಚೆನ್ನವ್ವನ ಕೈಯಲ್ಲಿ ಅರ್ಧ ಚಕ್ಕಲಿ ಹಾಗೇ ಇತ್ತು. “ಹಂಗಾದ್ರ…” ಎಂದಳು ಮುದುಕಿ, ದನಿ ಸಣ್ಣದಾಗಿ. “ಹಂಗಾದ್ರ ನಿನ್ನ ಕೂಸು…”

“ನಾ ಕೊಂದಿದ್ದಿಲ್ರಿ ಅತ್ತಿ,” ಎಂದಳು ಸಾವಕ್ಕ. “ಇದರ ಪಾಪ ನಂದು. ಅದರದ್ದ ನಂದಲ್ಲ.”

ಹೊರಗೆ ಹೊರಟವಳನ್ನು ಯಾರೂ ತಡೆಯಲಿಲ್ಲ. ಕಾಡಪ್ಪ ಬಾಗಿಲಿನಿಂದ ಸರಿದು ದಾರಿ ಬಿಟ್ಟ. ದವಾಖಾನೆಯ ಮೆಟ್ಟಿಲ ತನಕ ಹೋದಳು. ಅಲ್ಲೇ ಕುಳಿತಳು. ಕೊಂದವಳಿಗೆ ಅಳುವ ಹಕ್ಕೆಲ್ಲಿ ಎಂದು ಆರು ವರ್ಷ ನುಂಗಿದ್ದೆಲ್ಲ ಒಮ್ಮೆಲೇ ಬಂತು. ಬಾಯಿ ಬಿಟ್ಟು, ಎದೆ ಬಡಿದುಕೊಂಡು ಅತ್ತಳು. ಹಬ್ಬದ ಸೀರೆ ಉಟ್ಟು ಹೋಗುತ್ತಿದ್ದ ಗುರುತಿಲ್ಲದ ಹೆಂಗಸೊಬ್ಬಳು ನಿಂತು ಅವಳ ಭುಜ ಮುಟ್ಟಿದಳು.

“ಯಾರ ಹೋದ್ರವ್ವಾ?”

“ನನ್ನ ಮಗ.”

“ಅಯ್ಯ ಶಿವನ! ಯಾವಾಗ?”

“ಆರ ವರ್ಷಾತ್ರಿ,” ಎಂದಳು ಸಾವಕ್ಕ.